ಮಗುವಿನ ಚರ್ಮದ ಸೋಂಕಿಗೆ ಮುಲಾಮು: ಎಲ್ಲಿ ಸಾಕು, ಎಲ್ಲಿ ಸಾಲದು

ಮೂಗಿನ ಕೆಳಗೆ ಒಂದು ಸಣ್ಣ ಕೆಂಪು ಕಲೆ. ಅದರ ಮೇಲೆ ತೆಳ್ಳನೆಯ ನೀರುಗುಳ್ಳೆ ಏಳುತ್ತದೆ. ಮಗು ಕೆರೆದುಕೊಳ್ಳುತ್ತದೆ, ಗುಳ್ಳೆ ಒಡೆಯುತ್ತದೆ, ನೀರು ಜಿನುಗುತ್ತದೆ. ಆ ನೀರು ಒಣಗಿ ಜೇನಿನ ಬಣ್ಣದ ಹಕ್ಕಳೆ ಕಟ್ಟುತ್ತದೆ. ಎರಡು ಮೂರು ದಿನ ಕಳೆಯುವಷ್ಟರಲ್ಲಿ ಗಲ್ಲದ ಮೇಲೆ ಇನ್ನೊಂದು, ಮೊಣಕೈ ಹತ್ತಿರ ಮತ್ತೊಂದು. ವೈದ್ಯರು ಇದನ್ನು ಇಂಪೆಟಿಗೊ ಅನ್ನುತ್ತಾರೆ. ಎರಡರಿಂದ ಐದು ವರ್ಷದ ಮಕ್ಕಳಲ್ಲಿ ಇದು ಜಾಸ್ತಿ. 2015ರಲ್ಲಿ ಪ್ರಕಟವಾದ ಒಂದು ಅಂದಾಜಿನ ಪ್ರಕಾರ, ಯಾವುದೇ ಹೊತ್ತಿನಲ್ಲಿ ಎಣಿಸಿದರೂ ಜಗತ್ತಿನಲ್ಲಿ 16 ಕೋಟಿಗೂ ಹೆಚ್ಚು ಮಕ್ಕಳ ಮೈಮೇಲೆ ಈ ಹುಣ್ಣು ಇರುತ್ತದೆ.

ನೋಡಿದರೆ ಗಾಬರಿಯಾಗುತ್ತದೆ. ಆದರೆ ಬಹಳಷ್ಟು ಸಲ ಒಂದು ಚಿಕ್ಕ ಟ್ಯೂಬ್ ಮುಲಾಮಿಗೆ ಐದೇ ದಿನದಲ್ಲಿ ಬಗ್ಗುತ್ತದೆ. ಹಾಗಿದ್ದ ಮೇಲೆ ಇದರಲ್ಲಿ ವಿವರಿಸುವುದು ಏನಿದೆ ಅನ್ನಿಸಬಹುದು. ಇದೆ. ಅದೇ ಮುಲಾಮನ್ನು ಕುರುವಿಗೆ ಹಚ್ಚಿದರೆ ಏನೂ ಪ್ರಯೋಜನವಿಲ್ಲ. ಕಾಲು ಊದಿಕೊಂಡು ಜ್ವರ ಬಂದ ಮಗುವಿಗೆ ಹಚ್ಚಿ ಕಾಯುತ್ತ ಕೂತರೆ ಅಪಾಯ. ಇಸಬಿಗೆ ತಿಂಗಳುಗಟ್ಟಲೆ ಬಳಿಯುತ್ತಿದ್ದರೆ ಔಷಧಿಗೆ ಜಗ್ಗದ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಮುಲಾಮಿಗೆ ಒಂದು ಗಡಿ ಇದೆ. ಆ ಗಡಿಯೊಳಗೆ ಅದು ತುಂಬಾ ಒಳ್ಳೆಯ ಔಷಧಿ. ಗಡಿ ದಾಟಿದರೆ ಅದನ್ನು ನಂಬಿ ಕೂರುವ ಹಾಗಿಲ್ಲ.

ಸೋಂಕು ಎಷ್ಟು ಆಳದಲ್ಲಿದೆ?

ಮಕ್ಕಳ ಚರ್ಮದಲ್ಲಿ ಆಗುವ ಬ್ಯಾಕ್ಟೀರಿಯಾ ಸೋಂಕುಗಳಿಗೆ ಹೆಸರು ಹಲವು. ಆದರೆ ಹೆಚ್ಚಿನವಕ್ಕೆ ಕಾರಣ ಎರಡೇ ಬ್ಯಾಕ್ಟೀರಿಯಾ: ಸ್ಟೆಫೈಲೊಕಾಕಸ್ ಆರಿಯಸ್ ಮತ್ತು ಸ್ಟ್ರೆಪ್ಟೊಕಾಕಸ್ ಪಯೋಜಿನಿಸ್. ಚಿಕ್ಕದಾಗಿ ಸ್ಟೆಫ್, ಸ್ಟ್ರೆಪ್ ಅನ್ನೋಣ. ಸ್ಟೆಫ್ ಹೊರಗಿನಿಂದಲೇ ಬರಬೇಕು ಅಂತಿಲ್ಲ. ಸುಮಾರು ಮೂವರಲ್ಲಿ ಒಬ್ಬರ ಮೂಗಿನೊಳಗೆ ಅದು ಸುಮ್ನೆ ವಾಸವಾಗಿರುತ್ತದೆ. ಚರ್ಮ ಗಟ್ಟಿಯಾಗಿರುವ ತನಕ ತೊಂದರೆ ಇಲ್ಲ. ಸೊಳ್ಳೆ ಕಚ್ಚಿದ ಜಾಗವನ್ನು ಮಗು ಕೆರೆದುಕೊಂಡಾಗ, ನೆಗಡಿಯಲ್ಲಿ ಮೂಗು ಒರೆಸಿ ಒರೆಸಿ ಚರ್ಮ ಸುಲಿದಾಗ, ಬಿದ್ದು ಮೊಣಕಾಲು ತರಚಿದಾಗ ಅದಕ್ಕೆ ಒಳಗೆ ಹೋಗಲು ದಾರಿ ಸಿಗುತ್ತದೆ.

ಒಳಹೊಕ್ಕ ಮೇಲೆ ಅದು ಎಲ್ಲಿಯ ತನಕ ಇಳಿಯಿತು ಅನ್ನುವುದೇ ಚಿಕಿತ್ಸೆಯನ್ನು ತೀರ್ಮಾನಿಸುತ್ತದೆ. ನಮ್ಮ ಹೊರಚರ್ಮ ಮೈಯ ಬಹುಪಾಲು ಕಡೆ ಸುಮಾರು 0.1 ಮಿಲಿಮೀಟರ್ ದಪ್ಪ, ಅಷ್ಟೇ. ಅದರಲ್ಲಿ ರಕ್ತನಾಳಗಳೇ ಇಲ್ಲ. ಇಂಪೆಟಿಗೊ ಈ ತೆಳು ಪದರದಲ್ಲೇ ಉಳಿದುಬಿಡುತ್ತದೆ. ಹಾಗಾಗಿಯೇ ವಾಸಿಯಾದ ಮೇಲೆ ಗಾಯದ ಗುರುತು ಉಳಿಯುವುದಿಲ್ಲ. ಕೆಲವು ವಾರ ಆ ಜಾಗ ಸ್ವಲ್ಪ ಬಿಳಿಚಿಕೊಂಡೋ ಕಪ್ಪಾಗಿಯೋ ಕಾಣಬಹುದು. ಕಂದು ಅಥವಾ ಕಪ್ಪು ಚರ್ಮದಲ್ಲಿ ಇದು ಎದ್ದು ಕಾಣುತ್ತದೆ, ಆಮೇಲೆ ತಾನಾಗಿಯೇ ಸರಿಹೋಗುತ್ತದೆ.

ಅದೇ ಬ್ಯಾಕ್ಟೀರಿಯಾ ಕೂದಲಿನ ಬುಡಕ್ಕೆ ಹೊಕ್ಕರೆ ಸಣ್ಣ ಕೀವುಗುಳ್ಳೆಗಳು ಏಳುತ್ತವೆ. ಇನ್ನೂ ಕೆಳಗಿಳಿದು ಕೀವು ಒಂದೆಡೆ ಸೇರಿದರೆ ಕುರು. ಒಳಚರ್ಮದಲ್ಲಿ, ಅದರ ಕೆಳಗಿನ ಕೊಬ್ಬಿನ ಪದರದಲ್ಲಿ ಹರಡಿಕೊಂಡರೆ ಸೆಲ್ಯುಲೈಟಿಸ್: ಚರ್ಮ ಬಿಸಿಯಾಗುತ್ತದೆ, ಊದುತ್ತದೆ, ಮುಟ್ಟಿದರೆ ನೋವು, ಕೆಂಪು ಹರಡುತ್ತ ಹೋಗುತ್ತದೆ. ಎಕ್ತೈಮಾ ಅನ್ನುವ ಇನ್ನೊಂದು ಬಗೆ ಇದೆ. ಮೇಲಿನಿಂದ ಇಂಪೆಟಿಗೊ ಥರವೇ ಕಾಣುತ್ತದೆ, ಆದರೆ ದಪ್ಪ ಹಕ್ಕಳೆಯ ಕೆಳಗೆ ಗುಳಿಬಿದ್ದ ಹುಣ್ಣು ಇರುತ್ತದೆ. ವಾಸಿಯಾದರೂ ಕಲೆ ಉಳಿಸಿ ಹೋಗುತ್ತದೆ.

ಮುಲಾಮು ಮೇಲಿನಿಂದ ಇಳಿಯುವ ಔಷಧಿ. ಹೊರಚರ್ಮದಲ್ಲಿ ಅದು ರಾಜ. ಕುರುವಿನ ಕೀವಿನ ಹೊಂಡಕ್ಕೆ ಅದು ತಲುಪುವುದಿಲ್ಲ. ಕುರುವಿಗೆ ಬೇಕಾದದ್ದು ಕೀವು ಹೊರಬರಲು ದಾರಿ. ದೊಡ್ಡದಾಗಿದ್ದರೆ ವೈದ್ಯರು ಚಿಕ್ಕದಾಗಿ ಕೊಯ್ದು ತೆಗೆಯುತ್ತಾರೆ, ಮುಖ್ಯ ಚಿಕಿತ್ಸೆ ಅದೇ. ಮನೆಯಲ್ಲಿ ಹಿಸುಕಬಾರದು. ಹಿಸುಕಿದರೆ ಕೀವು ಒಳಗಡೆಗೂ ಹೋಗಬಹುದು. ಸೆಲ್ಯುಲೈಟಿಸ್‌ಗೆ ಬಾಯಿಂದಲೋ ರಕ್ತನಾಳದ ಮೂಲಕವೋ ಕೊಡುವ ಆಂಟಿಬಯಾಟಿಕ್ಕೇ ಬೇಕು.

ಇಷ್ಟು ಸ್ವಲ್ಪ ಮುಲಾಮು ಹೇಗೆ ಕೆಲಸ ಮಾಡುತ್ತದೆ?

ಮಾತ್ರೆ ಅಥವಾ ಸಿರಪ್ ಕೊಟ್ಟರೆ ಔಷಧಿ ಹೊಟ್ಟೆಯಿಂದ ರಕ್ತಕ್ಕೆ, ರಕ್ತದಿಂದ ಇಡೀ ಮೈಗೆ ಹರಡುತ್ತದೆ. ಚರ್ಮದ ಮೇಲ್ಪದರಕ್ಕೆ ಅದರ ಒಂದು ಚೂರು ಮಾತ್ರ ಸಿಗುತ್ತದೆ. ದಾರಿಯಲ್ಲಿ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೂ ಪೆಟ್ಟು ಬೀಳುತ್ತದೆ, ಭೇದಿ ಆಗುವುದೂ ಉಂಟು. ಮುಲಾಮಿನ ಲೆಕ್ಕ ಬೇರೆ. ಶೇ 2ರ ಮುಪಿರೊಸಿನ್ ಮುಲಾಮಿನ ಒಂದು ಗ್ರಾಂನಲ್ಲಿ 20 ಮಿಲಿಗ್ರಾಂ ಔಷಧಿ ಇರುತ್ತದೆ, ಅಂದರೆ 20,000 ಮೈಕ್ರೊಗ್ರಾಂ. ಔಷಧಿಗೆ ಬಗ್ಗುವ ಸ್ಟೆಫ್ ಬೆಳವಣಿಗೆ ನಿಲ್ಲಿಸಲು ಒಂದು ಮಿಲಿಲೀಟರಿಗೆ 4 ಮೈಕ್ರೊಗ್ರಾಂ ಅಥವಾ ಅದಕ್ಕಿಂತ ಕಡಿಮೆ ಸಾಕು. ಸಾವಿರಾರು ಪಟ್ಟು ವ್ಯತ್ಯಾಸ! ಹುಣ್ಣಿನ ಜಾಗದಲ್ಲೇ ಇಷ್ಟು ಗಟ್ಟಿ ಪ್ರಮಾಣದ ಔಷಧಿಯನ್ನು ಬಾಯಿಂದ ಕೊಟ್ಟು ತಲುಪಿಸಲು ಸಾಧ್ಯವೇ ಇಲ್ಲ.

ಮುಪಿರೊಸಿನ್ ನಮಗೆ ಸಿಕ್ಕಿದ್ದು ಇನ್ನೊಂದು ಬ್ಯಾಕ್ಟೀರಿಯಾದಿಂದ. ಮಣ್ಣಲ್ಲಿ, ನೀರಲ್ಲಿ ಬದುಕುವ ಸ್ಯೂಡೊಮೊನಾಸ್ ಫ್ಲೋರೆಸೆನ್ಸ್ ಇದನ್ನು ತಯಾರಿಸುತ್ತದೆ. ಇದು ಕೆಲಸ ಮಾಡುವ ಬಗೆ ಚೆಂದ. ಯಾವ ಜೀವಿಯಾದರೂ ಬದುಕಬೇಕಾದರೆ ಪ್ರೋಟೀನ್ ಕಟ್ಟುತ್ತಲೇ ಇರಬೇಕು. ಪ್ರೋಟೀನ್ ಕಟ್ಟಲು ಅಮೈನೊ ಆಮ್ಲಗಳು ಬೇಕು. ಅವುಗಳಲ್ಲಿ ಐಸೊಲ್ಯೂಸಿನ್ ಒಂದು. ಅದನ್ನು ಹೊತ್ತೊಯ್ಯುವ ಅಣುವಿನ ಮೇಲೆ ಹೇರಲು ಬ್ಯಾಕ್ಟೀರಿಯಾದೊಳಗೆ ಒಂದು ಕಿಣ್ವ ಇರುತ್ತದೆ. ಮುಪಿರೊಸಿನ್ ಹೋಗಿ ಆ ಕಿಣ್ವದಲ್ಲಿ ಐಸೊಲ್ಯೂಸಿನ್ ಕೂರಬೇಕಾದ ಜಾಗವನ್ನೇ ಹಿಡಿದು ಕೂರುತ್ತದೆ. ಹೇರುವ ಕೆಲಸ ನಿಂತಿತು, ಪ್ರೋಟೀನ್ ಕಟ್ಟುವುದೂ ನಿಂತಿತು. ನಮ್ಮ ಜೀವಕೋಶಗಳಲ್ಲೂ ಇಂಥದ್ದೇ ಕಿಣ್ವ ಇದೆ, ಆದರೆ ಅದರ ರೂಪ ಬೇರೆ. ಮುಪಿರೊಸಿನ್ ಅದಕ್ಕೆ ಸರಿಯಾಗಿ ಅಂಟುವುದಿಲ್ಲ. ಮತ್ತೊಂದು ಅನುಕೂಲವಿದೆ. ಸ್ವಲ್ಪ ರಕ್ತಕ್ಕೆ ಸೇರಿದರೂ ದೇಹ ಅದನ್ನು ಬೇಗ ನಿಷ್ಕ್ರಿಯ ಮಾಡುತ್ತದೆ. ಅದಕ್ಕೇ ಇದರ ಮಾತ್ರೆ ಇಲ್ಲ, ಮುಲಾಮು ಮಾತ್ರ ಇದೆ.

ಫ್ಯುಸಿಡಿಕ್ ಆಮ್ಲ ಇನ್ನೊಂದು ಮುಖ್ಯ ಔಷಧಿ. ಇದರ ಮೂಲ ಒಂದು ಶಿಲೀಂಧ್ರ. 1960ರ ದಶಕದ ಆರಂಭದಲ್ಲಿ ಡೆನ್ಮಾರ್ಕ್‌ನಲ್ಲಿ ಇದನ್ನು ಬಳಕೆಗೆ ತಂದರು. ಇದೂ ಪ್ರೋಟೀನ್ ಕಟ್ಟುವುದನ್ನೇ ತಡೆಯುತ್ತದೆ, ಆದರೆ ಬೇರೆ ಹಂತದಲ್ಲಿ. ಇದರ ರಚನೆ ನೋಡಲು ಸ್ಟೀರಾಯ್ಡ್ ಥರ ಇದೆ, ಸ್ಟೀರಾಯ್ಡಿನ ಗುಣ ಮಾತ್ರ ಇಲ್ಲ. ಇದನ್ನು ಬಾಯಿಂದಲೂ ಕೊಡಬಹುದು, ಮೂಳೆಯ ಗಂಭೀರ ಸೋಂಕುಗಳಿಗೆ ಕೆಲವು ದೇಶಗಳಲ್ಲಿ ಬಳಸುತ್ತಾರೆ. ಈ ಮಾತು ನೆನಪಿರಲಿ, ಮುಂದೆ ಮತ್ತೆ ಬರುತ್ತದೆ. ಹೊಸತಾಗಿ ಬಂದವುಗಳಲ್ಲಿ ಓಜೆನೊಕ್ಸಾಸಿನ್ ಇದೆ. ಅಮೆರಿಕದಲ್ಲಿ 2017ರಲ್ಲಿ, ಎರಡು ತಿಂಗಳು ತುಂಬಿದ ಮಕ್ಕಳಿಂದ ಹಿಡಿದು ಎಲ್ಲರಿಗೂ ಒಪ್ಪಿಗೆ ಸಿಕ್ಕಿತು. ಗಾಯಕ್ಕೆ ಹಚ್ಚುವ ಹಳೆಯ ನಿಯೊಮೈಸಿನ್, ಬ್ಯಾಸಿಟ್ರಾಸಿನ್ ಮುಲಾಮುಗಳು ಇಂಪೆಟಿಗೊಗೆ ಅಷ್ಟು ಒಳ್ಳೆಯ ಆಯ್ಕೆಯಲ್ಲ. ನಿಯೊಮೈಸಿನ್‌ಗೆ ಚರ್ಮದ ಅಲರ್ಜಿ ಆಗುವುದು ಸಾಮಾನ್ಯ. ಹಚ್ಚಿದಷ್ಟೂ ಕೆಂಪು, ತುರಿಕೆ ಜಾಸ್ತಿಯಾಗುತ್ತಿದ್ದರೆ ಸೋಂಕೇ ಹೆಚ್ಚಾಯಿತು ಅಂದುಕೊಂಡು ಇನ್ನಷ್ಟು ಹಚ್ಚುತ್ತಾರೆ. ಅದು ಔಷಧಿಯದ್ದೇ ಕಾಟ ಆಗಿರಬಹುದು.

ಸರಿ, ಮುಲಾಮು ನಿಜವಾಗಿ ಮಾತ್ರೆಗೆ ಸಮವೇ? 2012ರಲ್ಲಿ ಕಾಕ್ರೇನ್ ಸಂಸ್ಥೆಯ ಪರಿಶೀಲನೆ 68 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿತು. ಹುಣ್ಣುಗಳು ಹೆಚ್ಚು ಹರಡದೇ ಇದ್ದಾಗ ಮುಪಿರೊಸಿನ್, ಫ್ಯುಸಿಡಿಕ್ ಆಮ್ಲ ಎರಡೂ ಬಾಯಿಂದ ಕೊಡುವ ಔಷಧಿಯಷ್ಟೇ ಅಥವಾ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತವೆ ಅಂತ ಕಂಡುಬಂತು. ಪುಟ್ಟ ಮಗುವಿಗೆ ಹಟ ಮಾಡಿಸಿ ಸಿರಪ್ ಕುಡಿಸುವ ಕಷ್ಟ ತಪ್ಪಿತು, ಹೊಟ್ಟೆ ಕೆಡುವುದೂ ತಪ್ಪಿತು. ನಾಲ್ಕೈದು ಹುಣ್ಣು, ಅದೂ ಒಂದೇ ಕಡೆ, ಮಗು ಲವಲವಿಕೆಯಿಂದ ಆಡಿಕೊಂಡಿದೆ ಅಂದರೆ ಸಿರಪ್ ಬೇಡ, ಮುಲಾಮು ಸಾಕು ಅಂತ ವೈದ್ಯರು ಹೇಳಿದಾಗ ಅದು ಉದಾಸೀನದ ಮಾತಲ್ಲ, ಪೂರ್ತಿ ಚಿಕಿತ್ಸೆ.

ಹಚ್ಚುವ ರೀತಿ

ಅರ್ಧ ಕೆಲಸ ಇರುವುದು ಹಚ್ಚುವ ಮೊದಲೇ. ಹಕ್ಕಳೆ ಅಂದರೆ ಒಣಗಿದ ರಸ, ಸತ್ತ ಕೋಶ, ಅವುಗಳ ನಡುವೆ ಬ್ಯಾಕ್ಟೀರಿಯಾ. ದಪ್ಪ ಹಕ್ಕಳೆಯ ಮೇಲೆ ಮುಲಾಮು ಬಳಿದರೆ ಅದು ಅಲ್ಲೇ ಕೂತಿರುತ್ತದೆ, ಕೆಳಗಿನ ಹಸಿ ಹುಣ್ಣಿಗೆ ತಲುಪುವುದಿಲ್ಲ. ‘ಹಚ್ಚಿದರೂ ಕಡಿಮೆ ಆಗಲಿಲ್ಲ’ ಅನ್ನುವ ದೂರಿಗೆ ಎಷ್ಟೋ ಸಲ ಇಷ್ಟೇ ಕಾರಣ.

ಮೊದಲು ನಿಮ್ಮ ಕೈ ಸೋಪಿನಿಂದ ತೊಳೆಯಿರಿ. ಮೆತ್ತನೆಯ ಬಟ್ಟೆಯನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಹಕ್ಕಳೆಯ ಮೇಲೆ ಐದು ಹತ್ತು ನಿಮಿಷ ಇಡಿ. ಅದು ನೆನೆದು ಮೆದುವಾಗುತ್ತದೆ. ಆಮೇಲೆ ಸೌಮ್ಯವಾದ ಸೋಪು ನೀರಿನಿಂದ ಹಗುರವಾಗಿ ಒರೆಸಿ. ಬಂದಷ್ಟು ಬರಲಿ. ಬಾರದ್ದನ್ನು ಉಗುರಿನಿಂದ ಕೀಳಬೇಡಿ. ರಕ್ತ ಬರುವ ಹಾಗೆ ಕಿತ್ತರೆ ಮಗು ಮುಂದಿನ ಸಲ ಹತ್ತಿರವೂ ಬರುವುದಿಲ್ಲ, ಹುಣ್ಣೂ ದೊಡ್ಡದಾಗುತ್ತದೆ. ಒಣ ಬಟ್ಟೆಯಿಂದ ಒತ್ತಿ ಆರಿಸಿ, ಹುಣ್ಣು ಮತ್ತು ಅದರ ಅಂಚು ಮುಚ್ಚುವಷ್ಟು ತೆಳುವಾಗಿ ಮುಲಾಮು ಹಚ್ಚಿ. ದಪ್ಪಗೆ ಬಳಿದರೆ ಬೇಗ ವಾಸಿಯಾಗುವುದಿಲ್ಲ, ಬಟ್ಟೆಗೆ ಅಂಟಿ ಹಾಳಾಗುತ್ತದೆ, ಅಷ್ಟೇ. ಟ್ಯೂಬಿನ ಬಾಯಿಯನ್ನು ನೇರವಾಗಿ ಹುಣ್ಣಿಗೆ ತಾಗಿಸಬೇಡಿ. ಮಗು ಕೆರೆಯುವ ಜಾಗವಾದರೆ ಸಡಿಲವಾಗಿ ಗಾಜ್ ಕಟ್ಟಬಹುದು. ಮುಗಿದ ಮೇಲೆ ಮತ್ತೆ ಕೈ ತೊಳೆಯಿರಿ.

ದಿನಕ್ಕೆ ಎಷ್ಟು ಸಲ ಅನ್ನುವುದು ಔಷಧಿಯ ಮೇಲೆ ನಿಂತಿದೆ, ಸಾಮಾನ್ಯವಾಗಿ ಎರಡು ಅಥವಾ ಮೂರು ಸಲ. ಅವಧಿ ಹೆಚ್ಚಾಗಿ ಐದು ದಿನ. ಮೂರನೇ ದಿನಕ್ಕೆ ಒಣಗಿದ ಹಾಗೆ ಕಂಡರೂ ಐದು ದಿನ ಮುಗಿಸಿ. ಅದೇ ರೀತಿ, ಐದು ದಿನ ಆದ ಮೇಲೆ ‘ಇರಲಿ ಇನ್ನೆರಡು ವಾರ’ ಅಂತ ಎಳೆಯುವುದೂ ಬೇಡ. ಉಳಿದ ಟ್ಯೂಬನ್ನು ತೆಗೆದಿಟ್ಟು ಮುಂದಿನ ಸಲ ಯಾವುದೋ ಗುಳ್ಳೆಗೆ, ಇನ್ನೊಂದು ಮಗುವಿಗೆ ಹಚ್ಚುವ ಅಭ್ಯಾಸವನ್ನು ಬಿಡಲೇಬೇಕು.

ಮುಲಾಮು ಮತ್ತು ಕ್ರೀಮ್ ನಡುವೆ ವ್ಯತ್ಯಾಸ ಇದೆ. ಮುಲಾಮು ಜಿಡ್ಡು, ಹೆಚ್ಚು ಹೊತ್ತು ನಿಲ್ಲುತ್ತದೆ, ಹಕ್ಕಳೆಯನ್ನು ಮೆದು ಮಾಡುತ್ತದೆ. ಕ್ರೀಮ್ ಬೇಗ ಹೀರಿಕೊಳ್ಳುತ್ತದೆ, ರಸ ಜಿನುಗುವ ಜಾಗಕ್ಕೆ ಒಗ್ಗುತ್ತದೆ. ಕಣ್ಣಿನ ಹತ್ತಿರ ಹುಷಾರು. ಚರ್ಮಕ್ಕೆ ಹಚ್ಚುವ ಮುಪಿರೊಸಿನ್ ಮುಲಾಮು ಕಣ್ಣಿನೊಳಗೆ ಹೋಗಬಾರದು, ಮೂಗಿನೊಳಗೂ ಅದನ್ನು ಹಾಕುವಂತಿಲ್ಲ. ಮೂಗಿಗೆ ಅಂತಲೇ ಬೇರೆ ತಯಾರಿಕೆ ಇದೆ. ದೊಡ್ಡ ಹಸಿ ಗಾಯ, ಸುಟ್ಟ ಗಾಯಗಳ ಮೇಲೆ ಈ ಮುಲಾಮನ್ನು ಬಳಿಯಬಾರದು. ಔಷಧಿ ಬೆರೆಸಿರುವ ಪಾಲಿಎಥಿಲಿನ್ ಗ್ಲೈಕಾಲ್ ತುಂಬಾ ಒಳಗೆ ಹೋದರೆ ಮೂತ್ರಪಿಂಡಕ್ಕೆ ಹೊರೆ.

ಮುಲಾಮು ಸಾಲದ ಹೊತ್ತು

ಹುಣ್ಣುಗಳು ಮುಖ, ಕೈ, ಹೊಟ್ಟೆ ಅಂತ ಹಲವು ಕಡೆ ಎದ್ದಿದ್ದರೆ ಎಲ್ಲದಕ್ಕೂ ದಿನಕ್ಕೆ ಮೂರು ಸಲ ಹಚ್ಚುವುದು ಆಗದ ಮಾತು. ಆಗ ಬಾಯಿಂದ ಕೊಡುವ ಆಂಟಿಬಯಾಟಿಕ್ ಬೇಕು. ಮನೆಯಲ್ಲಿ, ಶಾಲೆಯಲ್ಲಿ ಒಟ್ಟಿಗೆ ಹಲವರಿಗೆ ಬಂದಿದ್ದರೂ ಹಾಗೆಯೇ. ಯಾವ ಔಷಧಿ ಅನ್ನುವುದು ಆ ಊರಿನಲ್ಲಿ ಹರಡಿರುವ ಸ್ಟೆಫ್ ಯಾವುದಕ್ಕೆ ಬಗ್ಗುತ್ತದೆ ಅನ್ನುವುದರ ಮೇಲೆ ಹೋಗುತ್ತದೆ. ಸಿರಪ್ ಶುರುವಾದ ಮೇಲೆ ‘ಜೊತೆಗೆ ಮುಲಾಮೂ ಇರಲಿ’ ಅಂತ ಸೇರಿಸುವುದರಿಂದ ಲಾಭವಿಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಎರಡನ್ನೂ ಒಟ್ಟಿಗೆ ಕೊಡಬೇಡಿ ಅಂತ ಸ್ಪಷ್ಟವಾಗಿ ಹೇಳಿದೆ.

ದೊಡ್ಡ ದೊಡ್ಡ ನೀರುಗುಳ್ಳೆ ಏಳುವ ಬಗೆಯ ಇಂಪೆಟಿಗೊ ಕೂಸುಗಳಲ್ಲಿ ಕಾಣುತ್ತದೆ. ಇಲ್ಲಿ ಸ್ಟೆಫ್ ಒಂದು ವಿಷವನ್ನು ಬಿಡುತ್ತದೆ. ಹೊರಚರ್ಮದ ಕೋಶಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವ ಡೆಸ್ಮೊಗ್ಲೀನ್ 1 ಅನ್ನುವ ಪ್ರೋಟೀನನ್ನು ಆ ವಿಷ ಕತ್ತರಿಸುತ್ತದೆ. ಕೋಶಗಳ ಹಿಡಿತ ತಪ್ಪಿದ ಜಾಗದಲ್ಲಿ ನೀರು ತುಂಬಿಕೊಳ್ಳುತ್ತದೆ. ಇದೇ ವಿಷ ರಕ್ತಕ್ಕೆ ಸೇರಿ ಮೈಯೆಲ್ಲ ಹರಡಿದರೆ ಚರ್ಮ ಸುಟ್ಟಂತೆ ಕೆಂಪಾಗಿ, ಮುಟ್ಟಿದರೆ ಮಗು ಚೀರುವಷ್ಟು ನೋವಾಗಿ, ಪದರ ಪದರವಾಗಿ ಸುಲಿಯಲು ಶುರುವಾಗುತ್ತದೆ. ಇದು ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳಿಗೆ ಆಗುತ್ತದೆ. ಇದಕ್ಕೆ ಆಸ್ಪತ್ರೆಯೇ ಬೇಕು, ತಡಮಾಡದೆ.

ಇನ್ನು ಕೆಲವು ಸಂದರ್ಭಗಳಲ್ಲಿ ಮನೆಯಲ್ಲಿ ಕಾದು ನೋಡುವ ಪ್ರಶ್ನೆಯೇ ಇಲ್ಲ. ಹುಟ್ಟಿದ ಮೊದಲ ತಿಂಗಳ ಕೂಸಿಗೆ ಕೀವುಗುಳ್ಳೆ ಎದ್ದರೆ ಅದೇ ದಿನ ತೋರಿಸಿ. ಜ್ವರ, ಮಂಕು, ಹಾಲು ಕುಡಿಯದೇ ಇರುವುದು, ಹರಡುತ್ತಿರುವ ಕೆಂಪು, ಹುಣ್ಣಿನಿಂದ ಮೇಲಕ್ಕೆ ಓಡುವ ಕೆಂಪು ಗೆರೆ, ಕಣ್ಣಿನ ಸುತ್ತ ಊತ, ಕಾಣುವ ಗಾಯಕ್ಕಿಂತ ಎಷ್ಟೋ ಹೆಚ್ಚು ನೋವು: ಇವುಗಳಲ್ಲಿ ಒಂದಿದ್ದರೂ ಮುಲಾಮಿನ ಮಾತು ಮುಗಿಯಿತು. ಕೆಂಪು ಹರಡುತ್ತಿದೆಯೋ ಇಲ್ಲವೋ ಅನುಮಾನವಿದ್ದರೆ ಅದರ ಅಂಚಿನ ಸುತ್ತ ಪೆನ್ನಿನಿಂದ ಗೆರೆ ಹಾಕಿ, ಪಕ್ಕದಲ್ಲಿ ಹೊತ್ತು ಬರೆದಿಡಿ. ಕೆಲವು ಗಂಟೆ ಬಿಟ್ಟು ನೋಡಿದರೆ ಉತ್ತರ ಕಣ್ಣಮುಂದೆ ಇರುತ್ತದೆ. ಚರ್ಮದ ಬಣ್ಣ ಗಾಢವಾಗಿದ್ದರೆ ಕೆಂಪು ಸರಿಯಾಗಿ ಕಾಣದೆ ನೇರಳೆ ಅಥವಾ ಕಂದು ಛಾಯೆ ಕಾಣಬಹುದು. ಅಂಗೈ ಹಿಂಭಾಗದಿಂದ ಮುಟ್ಟಿ ಬಿಸಿ ಇದೆಯಾ, ಗಟ್ಟಿಯಾಗಿದೆಯಾ ನೋಡಿ.

ಇಸಬು ಮತ್ತು ಬೆರಕೆ ಕ್ರೀಮುಗಳು

ಇಸಬು ಇರುವ ಮಕ್ಕಳ ವಿಷಯ ಸ್ವಲ್ಪ ಸೂಕ್ಷ್ಮ. ಅವರ ಚರ್ಮದ ಮೇಲೆ ಸ್ಟೆಫ್ ಯಾವಾಗಲೂ ಜಾಸ್ತಿ. ಪರೀಕ್ಷೆ ಮಾಡಿಸಿದರೆ ಸಿಗುತ್ತದೆ, ಆದರೆ ಸಿಕ್ಕ ಮಾತ್ರಕ್ಕೆ ಅದು ಸೋಂಕಲ್ಲ. ಬ್ರಿಟನ್ನಿನಲ್ಲಿ ಕ್ರೀಮ್ ಅನ್ನುವ ಹೆಸರಿನ ಒಂದು ಪ್ರಯೋಗ ನಡೆಯಿತು, ಫಲಿತಾಂಶ 2017ರ ಹೊತ್ತಿಗೆ ಬಂತು. ಇಸಬಿಗೆ ಸೌಮ್ಯ ಸೋಂಕು ತಗುಲಿದ ಹಾಗೆ ಕಾಣುವ ಮಕ್ಕಳಲ್ಲಿ ಕೆಲವರಿಗೆ ಆಂಟಿಬಯಾಟಿಕ್ ಸಿರಪ್, ಕೆಲವರಿಗೆ ಆಂಟಿಬಯಾಟಿಕ್ ಕ್ರೀಮ್, ಕೆಲವರಿಗೆ ಔಷಧಿ ಇಲ್ಲದ ಹುಸಿ ಚಿಕಿತ್ಸೆ ಕೊಟ್ಟರು. ಎಲ್ಲರಿಗೂ ಚರ್ಮ ಮೆದುವಾಗಿಸುವ ಲೇಪ ಮತ್ತು ಸ್ಟೀರಾಯ್ಡ್ ಕ್ರೀಮ್ ಇದ್ದೇ ಇತ್ತು. ಆಂಟಿಬಯಾಟಿಕ್ ಪಡೆದವರಿಗೆ ಹೆಚ್ಚುವರಿ ಲಾಭ ಕಾಣಲಿಲ್ಲ. ಸೌಮ್ಯವಾಗಿದ್ದಾಗ ಇಸಬನ್ನೇ ಚೆನ್ನಾಗಿ ಹತೋಟಿಗೆ ತಂದರೆ ಸ್ಟೆಫ್ ತಾನಾಗಿ ಇಳಿಯುತ್ತದೆ. ಆಂಟಿಬಯಾಟಿಕ್ ಬೇಕಾಗುವುದು ಸೋಂಕು ಜೋರಾದಾಗ, ಮಗುವಿಗೆ ಹುಷಾರಿಲ್ಲದಾಗ.

ನನಗೆ ತುಂಬಾ ಕಳವಳ ತರುವುದು ಬೆರಕೆ ಕ್ರೀಮುಗಳು. ಒಂದೇ ಟ್ಯೂಬಿನಲ್ಲಿ ಆಂಟಿಬಯಾಟಿಕ್, ಶಿಲೀಂಧ್ರದ ಔಷಧಿ, ಮೇಲಿಂದ ಜೋರಾದ ಸ್ಟೀರಾಯ್ಡ್. ಏನೇ ಆಗಿರಲಿ, ಒಂದಾದರೂ ತಾಗುತ್ತದೆ ಅನ್ನುವ ಲೆಕ್ಕ. ಹಚ್ಚಿದ ಎರಡೇ ದಿನಕ್ಕೆ ಕೆಂಪು, ತುರಿಕೆ ಇಳಿಯುತ್ತದೆ, ಎಲ್ಲರಿಗೂ ಸಮಾಧಾನ. ಆದರೆ ಇಳಿಸಿದ್ದು ಸ್ಟೀರಾಯ್ಡ್. ಅದು ಉರಿಯೂತವನ್ನು ಅಡಗಿಸುತ್ತದೆ, ಕ್ರಿಮಿಯನ್ನು ಕೊಲ್ಲುವುದಿಲ್ಲ. ಮಗುವಿಗೆ ಇದ್ದದ್ದು ಹುಳುಕಡ್ಡಿ ಆಗಿದ್ದರೆ ಅದು ಸ್ಟೀರಾಯ್ಡಿನ ಮರೆಯಲ್ಲಿ ರೂಪ ಬದಲಿಸಿ ಹರಡುತ್ತದೆ. ಆಮೇಲೆ ನೋಡಿದ ವೈದ್ಯರಿಗೂ ಗುರುತಿಸುವುದು ಕಷ್ಟ. ಮಕ್ಕಳ ತೆಳು ಚರ್ಮ, ಅದರಲ್ಲೂ ಮುಖ ಮತ್ತು ಡೈಪರ್ ಜಾಗ, ಸ್ಟೀರಾಯ್ಡನ್ನು ಬೇಗ ಹೀರಿಕೊಂಡು ಇನ್ನಷ್ಟು ತೆಳ್ಳಗಾಗುತ್ತದೆ. ಟ್ಯೂಬಿನ ಮೇಲೆ ಬೀಟಾಮೆಥಾಸೋನ್, ಕ್ಲೋಬೆಟಸಾಲ್, ಮೊಮೆಟಾಸೋನ್ ಅಂತ ಇದ್ದರೆ ಒಳಗೆ ಸ್ಟೀರಾಯ್ಡ್ ಇದೆ ಅಂತಲೇ ಅರ್ಥ. ಇಂಪೆಟಿಗೊಗೆ ಅದರ ಅಗತ್ಯವೇ ಇಲ್ಲ.

ಔಷಧಿಗೆ ಜಗ್ಗದ ಬ್ಯಾಕ್ಟೀರಿಯಾ

ಚರ್ಮಕ್ಕೆ ಹಚ್ಚುವುದು ತಾನೆ, ಏನಾಗುತ್ತೆ ಮಹಾ ಅಂತ ಅನ್ನಿಸುತ್ತದೆ ಅಲ್ವಾ? ನ್ಯೂಜಿಲೆಂಡಿನ ಅನುಭವ ನೋಡಿ. ಅಲ್ಲಿ 1991ರಿಂದ ಮುಪಿರೊಸಿನ್ ವೈದ್ಯರ ಚೀಟಿ ಇಲ್ಲದೆ ಅಂಗಡಿಯಲ್ಲಿ ಸಿಗುತ್ತಿತ್ತು. ಜನ ಎಲ್ಲದಕ್ಕೂ ಹಚ್ಚಿದರು. ಅದಕ್ಕೆ ಬಗ್ಗದ ಸ್ಟೆಫ್ ಏರುತ್ತ ಹೋಯಿತು. 2000ದಲ್ಲಿ ಚೀಟಿ ಕಡ್ಡಾಯ ಮಾಡಿದರು. ಆಮೇಲೆ ಫ್ಯುಸಿಡಿಕ್ ಆಮ್ಲದ ಬಳಕೆ ಏರಿತು, ಈ ಸಲ ಅದಕ್ಕೆ ಜಗ್ಗದ ತಳಿಗಳು ಹಬ್ಬಿದವು. ಉತ್ತರ ಯೂರೋಪಿನಲ್ಲೂ ಇಂಪೆಟಿಗೊ ತರುವ, ಫ್ಯುಸಿಡಿಕ್ ಆಮ್ಲಕ್ಕೆ ಬಗ್ಗದ ಸ್ಟೆಫ್‌ನ ಒಂದೇ ತಳಿ ಹಲವು ದೇಶಗಳಿಗೆ ಹರಡಿತ್ತು.

ಮುಪಿರೊಸಿನ್ ವಿಷಯದಲ್ಲಿ ಇದು ಹೇಗೆ ನಡೆಯುತ್ತದೆ ಅಂದರೆ, ಬ್ಯಾಕ್ಟೀರಿಯಾಗಳು ತಮ್ಮ ನಡುವೆ ಪ್ಲಾಸ್ಮಿಡ್ ಅನ್ನುವ ಡಿಎನ್‌ಎ ಉಂಗುರಗಳನ್ನು ಹಂಚಿಕೊಳ್ಳುತ್ತವೆ. ಅಂಥ ಉಂಗುರದಲ್ಲಿ ಇನ್ನೊಂದು ಬಗೆಯ ಕಿಣ್ವದ ಜೀನ್ ಇರುತ್ತದೆ. ಔಷಧಿ ಹಳೆಯ ಕಿಣ್ವವನ್ನು ಹಿಡಿದು ಕೂತರೂ ಈ ಬದಲಿ ಕಿಣ್ವ ಕೆಲಸ ಮುಂದುವರಿಸುತ್ತದೆ. ಅದೇ ಉಂಗುರದಲ್ಲಿ ಬೇರೆ ಔಷಧಿಗಳಿಗೆ ಬಗ್ಗದಂತೆ ಮಾಡುವ ಜೀನ್‌ಗಳೂ ಇರಬಹುದು. ಹಾಗಾಗಿ ಒಂದು ಮುಲಾಮಿನ ಅತಿ ಬಳಕೆ ಆ ಮುಲಾಮಿಗಷ್ಟೇ ಮುಗಿಯುವ ನಷ್ಟವಲ್ಲ. ಫ್ಯುಸಿಡಿಕ್ ಆಮ್ಲವನ್ನು ಮೂಳೆಯ ಸೋಂಕಿಗೂ ಬಳಸುತ್ತಾರೆ ಅಂದೆನಲ್ಲ. ಯಾರದೋ ಮೊಡವೆಗೆ ಸುಮ್ನೆ ಹಚ್ಚಿದ್ದರ ಬೆಲೆಯನ್ನು ಇನ್ಯಾರದೋ ಮಗು ಆಸ್ಪತ್ರೆಯಲ್ಲಿ ತೆರಬೇಕಾಗಬಹುದು.

ಇದೇ ಕಾರಣಕ್ಕೆ ನೈಸ್ ಸಂಸ್ಥೆ 2020ರಲ್ಲಿ ಒಂದು ಹೆಜ್ಜೆ ಹಿಂದಕ್ಕೆ ಬಂತು. ಮಗು ಆರಾಮಾಗಿದೆ, ಹುಣ್ಣುಗಳು ಒಂದೇ ಕಡೆ ಇವೆ, ದೊಡ್ಡ ಗುಳ್ಳೆಗಳಿಲ್ಲ ಅಂದರೆ ಮೊದಲು ಶೇ 1ರ ಹೈಡ್ರೋಜನ್ ಪೆರಾಕ್ಸೈಡ್ ಕ್ರೀಮ್ ಬಳಸಿ, ಅದು ಹೊಂದದಿದ್ದರೆ ಫ್ಯುಸಿಡಿಕ್ ಆಮ್ಲ, ಅದಕ್ಕೂ ಬಗ್ಗದ ಸ್ಟೆಫ್ ಅನುಮಾನವಿದ್ದರೆ ಮುಪಿರೊಸಿನ್. ಹೈಡ್ರೋಜನ್ ಪೆರಾಕ್ಸೈಡ್ ಆಂಟಿಬಯಾಟಿಕ್ ಅಲ್ಲ, ನಂಜುನಿರೋಧಕ (ಆಂಟಿಸೆಪ್ಟಿಕ್). ಅದಕ್ಕೆ ಬ್ಯಾಕ್ಟೀರಿಯಾ ಪ್ರತಿರೋಧ ಬೆಳೆಸಿಕೊಳ್ಳುವ ಭಯ ತುಂಬಾ ಕಡಿಮೆ. ಎಲ್ಲ ದೇಶಗಳೂ ಈ ದಾರಿ ಹಿಡಿದಿಲ್ಲ. ಅಮೆರಿಕದ ಸೋಂಕು ರೋಗ ತಜ್ಞರ ಸಂಘದ 2014ರ ಮಾರ್ಗಸೂಚಿ ಮುಪಿರೊಸಿನ್ ಅಥವಾ ರೆಟಪಾಮ್ಯುಲಿನ್ ಮುಲಾಮನ್ನೇ ಐದು ದಿನ ಅನ್ನುತ್ತದೆ. ನನಗೆ ಬ್ರಿಟನ್ನಿನ ಜಾಗರೂಕತೆಯೇ ಸರಿ ಅನ್ನಿಸುತ್ತದೆ, ಅಂಥ ಕ್ರೀಮ್ ಸಿಗುವ ಕಡೆ. ಆದರೆ ಒಂದು ಎಚ್ಚರಿಕೆ: ಇದು ಚರ್ಮಕ್ಕೆಂದೇ ತಯಾರಿಸಿದ ಶೇ 1ರ ಕ್ರೀಮ್. ಬಾಟಲಿಯಲ್ಲಿ ಸಿಗುವ ಹೆಚ್ಚು ತೀಕ್ಷ್ಣ ದ್ರಾವಣವನ್ನು ಮಗುವಿನ ಮುಖಕ್ಕೆ ಹಾಕಬಾರದು, ಸುಡುತ್ತದೆ.

ಐದು ದಿನ ಆದರೂ ಹೋಗಲಿಲ್ಲ ಅಂದರೆ

ಮೂರರಿಂದ ಐದು ದಿನದಲ್ಲಿ ಸುಧಾರಣೆ ಕಾಣದಿದ್ದರೆ ಇನ್ನೊಂದು ಟ್ಯೂಬ್ ಕೊಳ್ಳುವ ಬದಲು ವೈದ್ಯರಿಗೆ ತೋರಿಸಿ. ಹಕ್ಕಳೆ ನೆನೆಸದೆ ಹಚ್ಚಿದ್ದಿರಬಹುದು. ಬಗ್ಗದ ಸ್ಟೆಫ್ ಇರಬಹುದು, ಹುಣ್ಣಿನ ರಸವನ್ನು ಹತ್ತಿಕಡ್ಡಿಯಲ್ಲಿ ತೆಗೆದು ಪರೀಕ್ಷೆಗೆ ಕಳಿಸಿದರೆ ತಿಳಿಯುತ್ತದೆ. ಅಥವಾ ಇದು ಇಂಪೆಟಿಗೊ ಅಲ್ಲದೇ ಇರಬಹುದು: ಹುಳುಕಡ್ಡಿ, ಹರ್ಪಿಸ್ ವೈರಸ್ಸಿನ ಗುಳ್ಳೆ. ಇವೆರಡಕ್ಕೂ ಆಂಟಿಬಯಾಟಿಕ್ ಏನೂ ಮಾಡುವುದಿಲ್ಲ.

ತುಂಬಾ ಸಲ ಕಣ್ತಪ್ಪುವ ಕಾರಣ ಕಜ್ಜಿ. ಕಜ್ಜಿಯ ಹುಳ ಚರ್ಮದೊಳಗೆ ಕೊರೆಯುತ್ತದೆ, ರಾತ್ರಿ ತುರಿಕೆ ಜೋರು, ಮಗು ಕೆರೆದೇ ಕೆರೆಯುತ್ತದೆ, ಕೆರೆದ ಜಾಗಕ್ಕೆ ಸ್ಟೆಫ್, ಸ್ಟ್ರೆಪ್ ಹೋಗಿ ಕೂರುತ್ತವೆ. ಮೇಲೆ ಕಾಣುವುದು ಹಕ್ಕಳೆ ಮಾತ್ರ. ಫಿಜಿಯಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿತು. ಕಜ್ಜಿ ತುಂಬಾ ಇದ್ದ ಸಮುದಾಯಗಳಲ್ಲಿ ಒಂದು ಗುಂಪಿನ ಎಲ್ಲರಿಗೂ ಕಜ್ಜಿಯ ಹುಳ ಕೊಲ್ಲುವ ಐವರ್ಮೆಕ್ಟಿನ್ ಕೊಟ್ಟರು. ಒಂದು ವರ್ಷದ ನಂತರ ಆ ಗುಂಪಿನಲ್ಲಿ ಇಂಪೆಟಿಗೊ ಶೇ 24.6ರಿಂದ ಶೇ 8ಕ್ಕೆ ಇಳಿದಿತ್ತು. ಐವರ್ಮೆಕ್ಟಿನ್ ಆಂಟಿಬಯಾಟಿಕ್ ಅಲ್ಲ. ಹುಳ ಹೋಯಿತು, ಕೆರೆತ ಹೋಯಿತು, ಹುಣ್ಣೂ ಹೋಯಿತು. ಬೆರಳ ಸಂದು, ಮಣಿಕಟ್ಟು, ಹೊಕ್ಕುಳ ಸುತ್ತ ತುರಿಕೆ ಇದ್ದು ಮನೆಯಲ್ಲಿ ಇನ್ನೊಬ್ಬರೂ ಕೆರೆದುಕೊಳ್ಳುತ್ತಿದ್ದರೆ ಮೊದಲು ಅದಕ್ಕೆ ಚಿಕಿತ್ಸೆ, ಅದೂ ಮನೆಮಂದಿಗೆಲ್ಲ ಒಟ್ಟಿಗೆ.

ತಲೆಯಲ್ಲಿ ಹೇನು, ಸೊಳ್ಳೆ ಕಡಿತ ಇವೂ ಇದೇ ದಾರಿಯಲ್ಲಿ ಸೋಂಕು ತರುತ್ತವೆ. ಮಗುವಿನ ಉಗುರು ಚಿಕ್ಕದಾಗಿ ಕತ್ತರಿಸುವುದು ಸಣ್ಣ ಕೆಲಸ, ಆದರೆ ಒಂದು ಹುಣ್ಣು ಹತ್ತಾಗುವುದನ್ನು ತಡೆಯುತ್ತದೆ. ಸೋಪಿನಿಂದ ಕೈ ತೊಳೆಯುವುದರ ಬಗ್ಗೆ ಕರಾಚಿಯಲ್ಲಿ ನಡೆದ ಅಧ್ಯಯನ 2005ರಲ್ಲಿ ಹೊರಬಂತು. ಸೋಪು ಕೊಟ್ಟು ಕೈ ತೊಳೆಯಲು ಹುರಿದುಂಬಿಸಿದ ಮನೆಗಳ ಮಕ್ಕಳಲ್ಲಿ ಇಂಪೆಟಿಗೊ ಶೇ 34ರಷ್ಟು ಕಡಿಮೆ ಇತ್ತು, ಅದೂ ಸಾದಾ ಸೋಪಿನಿಂದ. ವಾಸಿಯಾಗುವ ತನಕ ಮಗುವಿಗೆ ಬೇರೆ ಟವೆಲ್ ಇಡಿ, ತಲೆದಿಂಬಿನ ಬಟ್ಟೆ, ಒಳಉಡುಪುಗಳನ್ನು ಬಿಸಿನೀರಲ್ಲಿ ಒಗೆಯಿರಿ. ಮತ್ತೆ ಮತ್ತೆ ಬರುತ್ತಿದ್ದರೆ ಮಗುವಿನ ಅಥವಾ ಮನೆಯವರ ಮೂಗಿನಲ್ಲಿ ಸ್ಟೆಫ್ ಕೂತಿದೆಯಾ ಅಂತ ವೈದ್ಯರು ನೋಡಬಹುದು.

ಶಾಲೆಗೆ ಯಾವಾಗ ಕಳಿಸಬಹುದು? ಆಂಟಿಬಯಾಟಿಕ್ ಶುರುವಾಗಿ 48 ಗಂಟೆ ಆದ ಮೇಲೆ, ಅಥವಾ ಹುಣ್ಣುಗಳೆಲ್ಲ ಪೂರ್ತಿ ಒಣಗಿದ ಮೇಲೆ ಅನ್ನುವುದು ಬ್ರಿಟನ್ನಿನ ನಿಯಮ. ಕೆಲವು ದೇಶಗಳಲ್ಲಿ 24 ಗಂಟೆ ಸಾಕು ಅನ್ನುತ್ತಾರೆ. ಜಿನುಗುವ ಹುಣ್ಣಿದ್ದರೆ ಮುಚ್ಚಿ ಕಳಿಸುವುದು ಒಳ್ಳೆಯದು.

ಇನ್ನೊಂದು ವಿಷಯ ವಾಸಿಯಾದ ಮೇಲಿನದ್ದು. ಸ್ಟ್ರೆಪ್‌ನ ಕೆಲವು ತಳಿಗಳಿಂದ ಚರ್ಮದ ಸೋಂಕಾಗಿ ಎರಡು ಮೂರು ವಾರ ಕಳೆದ ಮೇಲೆ, ಅಪರೂಪಕ್ಕೆ ಮೂತ್ರಪಿಂಡದಲ್ಲಿ ಉರಿಯೂತ ಕಾಣಿಸಿಕೊಳ್ಳುತ್ತದೆ. ಬ್ಯಾಕ್ಟೀರಿಯಾ ಅಲ್ಲಿಗೆ ಹೋಗಿರುವುದಿಲ್ಲ. ಅದರ ವಿರುದ್ಧ ಎದ್ದ ದೇಹದ ರಕ್ಷಣಾ ವ್ಯವಸ್ಥೆಯೇ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ಚರ್ಮಕ್ಕೆ ಸರಿಯಾದ ಚಿಕಿತ್ಸೆ ಕೊಟ್ಟರೂ ಇದನ್ನು ಖಂಡಿತ ತಡೆಯಬಹುದು ಅನ್ನಲಾಗದು. ಬೆಳಗ್ಗೆ ಏಳುವಾಗ ಮಗುವಿನ ಕಣ್ಣಿನ ಸುತ್ತ ಊದಿಕೊಂಡಿದ್ದರೆ, ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿದ್ದರೆ, ಮೂತ್ರ ಕಡಿಮೆಯಾಗಿದ್ದರೆ ಅದೇ ದಿನ ವೈದ್ಯರ ಹತ್ತಿರ ಹೋಗಿ. ಅಷ್ಟು ಹೊತ್ತಿಗೆ ಚರ್ಮ ಪೂರ್ತಿ ಮಾಗಿರುತ್ತದೆ, ಯಾರಿಗೂ ಆ ಹುಣ್ಣು ನೆನಪಿರುವುದಿಲ್ಲ. ಹಾಗಾಗಿ ಕೆಲವು ವಾರದ ಹಿಂದೆ ಇಂಥ ಹುಣ್ಣು ಆಗಿತ್ತು ಅನ್ನುವುದನ್ನು ನೀವೇ ಮುಂದಾಗಿ ಹೇಳಿ. ರಕ್ತದೊತ್ತಡ ನೋಡಿ, ಮೂತ್ರ ಪರೀಕ್ಷೆ ಮಾಡಿದರೆ ಅಂದೇ ತಿಳಿಯುತ್ತದೆ. ಬೇಗ ಗುರುತಿಸಿದರೆ ಬಹುತೇಕ ಮಕ್ಕಳು ಪೂರ್ತಿ ಚೇತರಿಸಿಕೊಳ್ಳುತ್ತಾರೆ.